ಹೂವಿಲ್ಲದ ಗಡಿಗೆ

ಹೋದ ವಾರ ಅಥಣಿಯಲ್ಲಿ, ನಾವಿಬ್ಬರೂ ವರ್ಷಗಟ್ಟಲೆ ಪಾಠ ಹೇಳಿದ ಕಾಲೇಜಿನ ಸಭಾಗೃಹದಲ್ಲಿ, ಅವರ ಶೋಕಸಭೆ ನಡೆಯಿತು. ವೇದಿಕೆಯ ಹಿಂದೆ ನೀಲಿ ಬಟ್ಟೆ, ಬಟ್ಟೆಯ ಮೇಲೆ ಥರ್ಮಾಕೋಲ್ ಕತ್ತರಿಸಿ ಟಾಚಣಿ ಚುಚ್ಚಿ ನಿಲ್ಲಿಸಿದ ಬಿಳಿ ಅಕ್ಷರಗಳು. ಮೊದಲು ‘ಡಾ’, ಆಮೇಲೆ ಅವರ ಹೆಸರು, ಅದರ ಕೆಳಗೆ ‘ಕುಸುಬಿ ಹೂವಿನ ಔಷಧಿಯ ಶೋಧಕಿ’. ಒಂದು ಗಜ ಬಟ್ಟೆಯ ಮೇಲೆ ಎರಡು ಸುಳ್ಳು. ಅವರು ಡಾಕ್ಟರೇಟ್ ಪಡೆದವರಲ್ಲ. ಯಾವ ಔಷಧಿಯನ್ನೂ ಶೋಧಿಸಲಿಲ್ಲ. ಶೋಧಿಸಿದ್ದು ತಮ್ಮದೇ ತಪ್ಪನ್ನು, ಅದೂ ಇಡೀ ಊರು ಆ ತಪ್ಪಿಗೆ ಹಾರ ಹಾಕಲು ಸಜ್ಜಾಗಿ ನಿಂತಿದ್ದಾಗ.

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕು, ಇಲ್ಲದಿದ್ದರೆ ನಾನೂ ಆ ದಿನದ ಭಾಷಣಕಾರರ ಹಾಗೆ ಬೆಣ್ಣೆ ಸವರಿದ ಮಾತು ಬರೆದೇನು. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಸಿಕ್ಕರೆ ಅದರ ಹಿಂದೆ ಮುಂದೆ ಏನಾದರೂ ಅಂಟಿಸುವ ಜನ ಇದ್ದಾರೆ. ನಾವೆಲ್ಲ ಅವರನ್ನು ಬಾಯಾರ ಅಂತ ಕರೆಯುತ್ತಿದ್ದೆವು. ಗಡಿಯ ಈ ಕಡೆ ಪಾಠ ಹೇಳುವ ಹೆಂಗಸನ್ನು ಕರೆಯುವ ರೀತಿಯೇ ಅದು.

ನಾನು ರಸಾಯನಶಾಸ್ತ್ರದವನು, ಬಾಯಾರು ಸಸ್ಯಶಾಸ್ತ್ರದವರು. ನಮ್ಮಿಬ್ಬರ ಪ್ರಯೋಗಾಲಯಗಳ ನಡುವೆ ಒಂದೇ ಗೋಡೆ, ಅದರಲ್ಲಿ ಒಂದು ಕಿಟಕಿ. ಬಾಯಾರು ಆಳು ಗಿಡ್ಡ, ನಡಿಗೆ ಜೋರು. ಕಾಲಲ್ಲಿ ನಮ್ಮೂರಿನ ಕರಕರ ಸದ್ದಿನ ಚಪ್ಪಲಿ. ಆ ಸದ್ದು ಮೊಗಸಾಲೆಯ ತುದಿಯಲ್ಲಿ ಕೇಳಿದರೆ ಹರಟೆ ಹೊಡೆಯುತ್ತಿದ್ದ ಹುಡುಗರು ತರಗತಿ ಹೊಕ್ಕುಬಿಡುತ್ತಿದ್ದರು, ಅವರ ಜೊತೆಗೆ ನಮ್ಮಂಥ ಕೆಲವು ಮಾಸ್ತರರೂ.

ಅವರ ಊರು ನಿಪ್ಪಾಣಿ. ತಾಯಿ ಬೇಗ ಹೋಗಿ, ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಬೀಡಿ ಕಟ್ಟಿ ಸಾಕಿದ ಮಗಳು. ಎಂ.ಎಸ್‌ಸಿ. ಮಾಡಿದ ಮೇಲೂ ಬಾಯಾರ ಬೆರಳುಗಳು ಬೀಡಿಯನ್ನು ಮರೆತಿರಲಿಲ್ಲ. ಸಿಬ್ಬಂದಿ ಸಭೆಯಲ್ಲಿ ಕೂತಾಗ ಬಸ್ ಟಿಕೀಟು, ಸುತ್ತೋಲೆಯ ಅಂಚು, ಕೈಗೆ ಸಿಕ್ಕ ಯಾವ ಕಾಗದವನ್ನಾದರೂ ಸುತ್ತಿ, ತುದಿ ಮಡಚಿ, ಮುಂದಿಟ್ಟುಬಿಡುತ್ತಿದ್ದರು. ಸಭೆ ಮುಗಿಯುವಷ್ಟರಲ್ಲಿ ಅವರ ಎದುರಿಗೆ ಕಾಗದದ ಬೀಡಿಗಳ ಒಂದು ಸಣ್ಣ ಕಟ್ಟು. ಬೆರಳು ಓಡುತ್ತಿದ್ದರೆ ಬಾಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಬೆರಳು ನಿಂತಿತೋ, ಮಾತಾಡುತ್ತಿದ್ದವನು ಎಚ್ಚರವಾಗಿರುವುದು ಒಳ್ಳೆಯದು.

ಒಮ್ಮೆ ಮಿರಜದಿಂದ ಪ್ರಯೋಗಾಲಯಕ್ಕೆ ಸ್ಪಿರಿಟ್ ತರುತ್ತಿದ್ದೆವು. ಪರವಾನಗಿ ಬಾಯಾರ ಚೀಲದಲ್ಲಿ, ಡಬ್ಬಿ ನನ್ನ ತೊಡೆಯ ಮೇಲೆ. ಕಾಗವಾಡದ ತಪಾಸಣೆ ನಾಕಾದಲ್ಲಿ ಬಸ್ಸು ಹತ್ತಿದ ಪೇದೆ ಮೂಗರಳಿಸಿದ.

“ಏನೈತ್ರಿ ಇದರಾಗ?”

“ಸ್ಪಿರಿಟ್.”

“ಯಾರಿಗಿ? ಸಾಹೇಬರಿಗೇನು?” ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

“ಹೂವಿಗಿ.”

ಬಸ್ಸೆಲ್ಲ ನಕ್ಕಿತು. ಆತ ಡಬ್ಬಿ ಇಳಿಸಿಕೊಳ್ಳುತ್ತೇನೆ ಎಂದ. ಬಾಯಾರು ಎದ್ದು ನಿಂತು, ಪರವಾನಗಿಯನ್ನು ಅವನ ಕೈಗೆ ಕೊಡದೆ, ಮೇಲಿನ ಸಾಲಿನಿಂದ ಕೆಳಗಿನ ಶಿಕ್ಕೆ ಮೊಹರಿನವರೆಗೆ ತಾವೇ ದೊಡ್ಡ ಧ್ವನಿಯಲ್ಲಿ ಓದಿದರು. ಕನ್ನಡದಲ್ಲಿ ಒಂದು ಸಲ, ಹಿಂದೆ ಕೂತ ಮರಾಠಿ ಮಂದಿಗಾಗಿ ಮರಾಠಿಯಲ್ಲಿ ಇನ್ನೊಂದು ಸಲ. “ಈಗ ಎಲ್ಲಾರೂ ಸಾಕ್ಷಿ ಅದಾರ. ಇಳಿಸ್ಕೋರಿ, ನಾನೂ ಇಳೀತೀನಿ, ಎಲ್ಲಿ ಬೇಕಾದ್ರೂ ಬರ್ತೀನಿ.” ಪೇದೆ ತಾನೇ ಇಳಿದು ಹೋದ. ನಾನು ಡಬ್ಬಿಯನ್ನು ಇನ್ನೂ ಅಪ್ಪಿಕೊಂಡೇ ಕೂತಿದ್ದೆ. ಅವರು ಆಗಲೇ ಟಿಕೀಟನ್ನು ಸುತ್ತುತ್ತಿದ್ದರು.

ಹೂವಿಗೆ ಸ್ಪಿರಿಟ್ ಯಾಕೆ ಎಂದು ಹೇಳಬೇಕು. ಅಥಣಿಯ ಮೂಡಲ ಕಡೆಯ ಕಪ್ಪು ಎರಿ ಹೊಲಗಳಲ್ಲಿ ಜೋಳದ ನಡುವೆ ಕುಸುಬಿ ಸಾಲು ಹಾಕುತ್ತಾರೆ. ಮೈತುಂಬ ಮುಳ್ಳು, ತುದಿಗೆ ಹಳದಿ ಹೂವು, ಬಾಡಿದರೆ ಕೆಂಪು. ಎಣ್ಣೆ ಬೀಜದ್ದು, ಎಸಳು ಯಾರಿಗೂ ಬೇಡ. ಆದರೆ ಗೊಬ್ಬರ ಎದ್ದು ಇಳಿದ ಮಗುವಿಗೆ, ಅಂದರೆ ದಡಾರ ಬಂದು ಹೋದ ಕೂಸಿಗೆ, ಈ ಕಡೆಯ ಹೆಂಗಸರು ಆ ಎಸಳನ್ನು ಸತ್ತಿ ಊರಿನ ಹೊಳೆಯ ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಸೋಸಿ ಕುಡಿಸುತ್ತಿದ್ದರು. ಅದಕ್ಕೊಂದು ಬೇರೆ ಗಡಿಗೆ. ಆ ಗಡಿಗೆಯನ್ನು ಬೂದಿ ಹಾಕಿ ತಿಕ್ಕುವ ಹಾಗಿಲ್ಲ. ತಿಕ್ಕಿದರೆ ಗುಣ ಹೋಗುತ್ತದೆ ಎಂಬ ನಂಬಿಕೆ. ಬರೀ ನೀರು ಕಲಕಿ ಚೆಲ್ಲಿ, ಮತ್ತೆ ಅದರಲ್ಲೇ ನೆನೆಹಾಕಬೇಕು.

ಬಾಯಾರು ಪಿಎಚ್‌.ಡಿ.ಗೆ ಹಿಡಿದದ್ದು ಇದನ್ನೇ. ಎಸಳು ಕುದಿಸಿದ ನೀರಿಗೆ ಸ್ಪಿರಿಟ್ ಸುರಿದರೆ ಹತ್ತಿಯ ಅರಳೆಯಂಥ ಗಸಿ ತೇಲುತ್ತ ಕೆಳಗಿಳಿಯುತ್ತದೆ. ಪಾಲಿಸ್ಯಾಕರೈಡ್ ಅನ್ನುತ್ತೇವೆ: ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತ ಉದ್ದನೆಯ ಸರಪಳಿ. ಬೆಂಡೆಕಾಯಿಯ ಲೋಳೆ, ದಾಸವಾಳದ ಲೋಳೆ ಎಲ್ಲ ಅದೇ ಬಳಗ. ಈ ಸರಪಳಿಗೂ ಮೈಯ ರೋಗನಿರೋಧಕ ಶಕ್ತಿಗೂ ಏನು ಸಂಬಂಧ ಎಂದು ನಾನು ಕೇಳಿದಾಗ ಬಾಯಾರು ಕಿಟಕಿಯಲ್ಲಿ ಮುಖವಿಟ್ಟು ಹೇಳಿದ್ದರು:

“ನಿಮ್ಮ ಮನಿ ಬಾಗಿಲಾ ಬಡದ್ರ ನಾಯಿ ಎದ್ದು ಬೊಗಳತೈತಿಲ್ರಿ? ಬಡದಾಂವ ಕಳ್ಳ ಇರಲಿ, ಅಳಿಯ ಇರಲಿ. ರೋಗದ ಹುಳದ ಮೈಮ್ಯಾಲೂ ಇಂಥಾ ಸಕ್ರಿ ಸರಪಳಿ ಇರ್ತಾವ. ಹೂವಿನ ಸರಪಳಿ ಹೋಗಿ ಬಾಗಿಲಾ ಬಡದ್ರ ರಕ್ತದಾಗಿನ ಬಿಳಿ ಕಣ ಎದ್ದು ಕುಂಡರ್ತಾವೋ ಏನೋ. ಎದ್ದು ಕುಂತ ನಾಯಿ ಕಳ್ಳ ಬಂದಾಗ ಲಗೂನ ಹಿಡೀತೈತಿ.”

ಆ ನಾಯಿ ಎದ್ದಿದೆಯೋ ಇಲ್ಲವೋ ನೋಡಲು ಅವರ ಹತ್ತಿರ ದೊಡ್ಡ ಯಂತ್ರಗಳಿರಲಿಲ್ಲ. ಬಿಳಿ ಇಲಿಗಳಿದ್ದವು, ಕಪ್ಪು ಮಸಿ ಇತ್ತು. ಕೆಲವು ಇಲಿಗಳಿಗೆ ಆ ಗಸಿಯ ದ್ರಾವಣ, ಉಳಿದವಕ್ಕೆ ಬರೀ ಉಪ್ಪುನೀರು ಚುಚ್ಚುವುದು. ಮರುದಿನ ಎಲ್ಲಕ್ಕೂ ಬಾಲದ ನರದಲ್ಲಿ ಮಸಿ ಬಿಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಒಂದು ಹನಿ ರಕ್ತ ತೆಗೆದು ನೋಡುವುದು. ಬಿಳಿ ಕಣಗಳು ಚುರುಕಾಗಿದ್ದರೆ ಮಸಿಯ ಕಣಗಳನ್ನು ಬೇಗ ನುಂಗಿ ರಕ್ತವನ್ನು ತಿಳಿ ಮಾಡುತ್ತವೆ. ಕುಸುಬಿಯ ಗಸಿ ಹೋದ ಇಲಿಗಳ ರಕ್ತ ಎಷ್ಟು ಬೇಗ ತಿಳಿಯಾಯಿತೆಂದರೆ ನಾನೇ ಕಿಟಕಿ ಹಾರಿ ಹೋಗಿ ನೋಡಿ ಬಂದೆ.

ನನಗೆ ಮೊದಲಿನಿಂದಲೂ ಆ ಗಡಿಗೆಯ ಮೇಲೆ ಕಣ್ಣು. “ಬಾಯಾರ, ತಿಕ್ಕರಿ ಅದನ್ನ. ಒಳಗ ಹಾವಸಿ ಕಟ್ಟೈತಿ” ಎಂದೆ. ಅವರ ಬೆರಳು ನಿಂತಿತು. “ಹೆಣ್ಮಕ್ಕಳು ಹೆಂಗ ಮಾಡ್ತಾರ ಹಂಗ ಮಾಡಿ ನೋಡಬೇಕ್ರಿ. ಅವರು ಸತ್ತಿ ಹೊಳಿ ನೀರು ತಂದ್ರ ನಾನೂ ಸತ್ತಿ ಹೊಳಿ ನೀರ ತರಸ್ತೀನಿ. ನಮ್ಮ ಮಂದಿ ಮಾಡಿದ್ದನ್ನ ಮೊದಲ ತಿದ್ದಿ ಆಮ್ಯಾಲೆ ಪರೀಕ್ಷಾ ಮಾಡಿದ್ರ ಅದು ಅವರ ಪರೀಕ್ಷಾ ಹೆಂಗ ಆದೀತು?” ಎಂದರು. ಸೋಲೊಪ್ಪಿ ಬಂದೆ. ಅವರು ವಾದಕ್ಕೆ ನಿಂತರೆ ಎದುರಿನವನಿಗೆ ಉಳಿಯುವ ಕೆಲಸ ಅದೊಂದೇ.

ಸುದ್ದಿ ಕಾಲೇಜು ನಡೆಸುವ ಸಂಸ್ಥೆಯ ಚೇರಮನ್ ಸಾಹೇಬರಿಗೆ ಮುಟ್ಟಿತು. ಕಬ್ಬು, ದ್ರಾಕ್ಷಿ, ರಾಜಕಾರಣ ಮೂರರಲ್ಲೂ ಕೈಯಿದ್ದ ಮನುಷ್ಯ. ತಾವೇ ಪ್ರಯೋಗಾಲಯಕ್ಕೆ ಬಂದರು, ಇಲಿಗಳಿಗೆ ಕೈಮುಗಿಯುವುದೊಂದು ಬಾಕಿ. ಮಿರಜದ ಒಬ್ಬ ವ್ಯಾಪಾರಿಯನ್ನು ಹಿಡಿದು, ಕುಸುಬಿ ಹೂವಿನ ಟಾನಿಕ್ಕು ಮಾಡುವುದೆಂದೂ, ಅದರ ಬಾಟಲಿಯ ಮೇಲೆ ಬಾಯಾರ ಹೆಸರೂ ಭಾವಚಿತ್ರವೂ ಬರುವುದೆಂದೂ ತೀರ್ಮಾನಿಸಿಬಿಟ್ಟರು. ಬಾಯಾರು, “ಇಲಿಗೆ ಚುಚ್ಚಿದ್ದು ಬ್ಯಾರೆ, ಮನುಷ್ಯಾರು ಕುಡಿಯೋದು ಬ್ಯಾರೆ. ಹೊಟ್ಟ್ಯಾಗ ಈ ಸರಪಳಿ ಎಷ್ಟು ಉಳಿತೈತೋ ನನಗ ಗೊತ್ತಿಲ್ರಿ” ಎಂದರು. “ಅದೆಲ್ಲಾ ಆಮೇಲೆ ನೋಡೂಣು, ಮೊದಲ ನೀವು ಡಾಕ್ಟರ್ ಆಗ್ರಿ” ಎಂದು ಸಾಹೇಬರು ನಗುತ್ತ ಹೋದರು. ಪ್ರಬಂಧ ಬೆರಳಚ್ಚಿಗೆ ಹೋಗುವುದಷ್ಟೇ ಉಳಿದಿತ್ತು.

ಆಗ ಬಾಯಾರಿಗೆ ಹುಕಿ ಬಂತು. ಕುಸುಬಿಗೇ ಇಷ್ಟು ಗುಣವಿದ್ದರೆ ಬೇರೆ ಹೂವುಗಳದ್ದೂ ನೋಡಿ ಹೋಲಿಸೋಣ ಎಂದು ದಾಸವಾಳ ತಂದರು. ಅದೇ ಹೊಳೆ ನೀರು, ತಿಕ್ಕದ ಗಡಿಗೆ. ರಕ್ತ ತಿಳಿಯಾಯಿತು. ಚೆಂಡು ಹೂವು ತಂದರು. ಅದಕ್ಕೂ ಆಯಿತು. ತಂಗಡಿ ಹೂವಿಗೂ ಆಯಿತು. ಕಾಲೇಜಿನಲ್ಲಿ ಹಬ್ಬ. ನಮ್ಮ ಮಣ್ಣಿನ ಹೂವುಗಳೆಲ್ಲ ಸಂಜೀವಿನಿ ಎಂದು ಕನ್ನಡದ ಮಾಸ್ತರರು ಅಲ್ಲೇ ಒಂದು ಭಾಷಣ ಮಾಡಿದರು.

ಬಾಯಾರು ಮಾತ್ರ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ. ಕೈಯಲ್ಲಿ ಕಾಗದ ಇತ್ತು, ಬೆರಳು ಓಡುತ್ತಿರಲಿಲ್ಲ.

“ಎಲ್ಲಾ ಹುಡುಗ್ರಿಗೂ ಒಂದ ಮಾರ್ಕ್ಸ್ ಬಂದ್ರ ನೀವೇನ್ ಅಂತೀರಿ ಸರ್?” ಎಂದರು ನನಗೆ.

“ಕಾಪಿ ಹೊಡದಾರ ಅಂತೀನಿ.”

“ಹೌದಿಲ್ಲೋ? ಮತ್ತ ಈ ಹೂವು ಎಲ್ಲಾ ಯಾರನ್ನ ನೋಡಿ ಬರದಾವ?”

ಮರುದಿನ ಅವರು ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯಲಾರೆ. ತಿಕ್ಕದ ಗಡಿಗೆಗೆ ಹೊಳೆಯ ನೀರು ತುಂಬಿ, ಒಳಗೆ ಒಂದು ಎಸಳನ್ನೂ ಹಾಕದೆ, ಬಾಯಿ ಕಟ್ಟಿಟ್ಟರು. ಬೆಳಿಗ್ಗೆ ಕುದಿಸಿದರು, ಸೋಸಿದರು, ಸ್ಪಿರಿಟ್ ಸುರಿದರು. ಅರಳೆ ಬೀಳಲಿಲ್ಲ, ತಳದಲ್ಲಿ ಕಂಡೂ ಕಾಣದಂಥ ಮಂಜು. ಆ ಮಂಜನ್ನೇ ಕರಗಿಸಿ ಇಲಿಗಳಿಗೆ ಚುಚ್ಚಿದರು. ರಕ್ತ ತಿಳಿಯಾಯಿತು. ಕುಸುಬಿಗೆ ಎಷ್ಟು ಬೇಗ ಆಗಿತ್ತೋ ಹೆಚ್ಚುಕಡಿಮೆ ಅಷ್ಟೇ ಬೇಗ.

ಆಮೇಲೆ ನಾನು ರಸಾಯನಶಾಸ್ತ್ರದವನ ಹಾಗೆ ಬಾಯಿಬಿಟ್ಟೆ. ರಾತ್ರಿ ಬೆಚ್ಚಗಿಟ್ಟ ಹೊಳೆ ನೀರಿನಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿ ಬೆಳೆದಿರುತ್ತವೆ, ಹಾವಸೆ ಕಟ್ಟಿದ ಗಡಿಗೆಯಲ್ಲಿ ಇನ್ನೂ ಹೆಚ್ಚು. ಕುದಿಸಿದರೆ ಸಾಯುತ್ತವೆ, ನಿಜ. ಆದರೆ ಅವುಗಳ ಮೈಯ ಮೇಲಿನ ಸಕ್ಕರೆ ಕೊಬ್ಬುಗಳ ಕವಚ ಕುದಿತಕ್ಕೆ ಬಗ್ಗುವುದಿಲ್ಲ, ನೀರಲ್ಲೇ ಉಳಿಯುತ್ತದೆ. ಬಿಳಿ ಕಣಗಳನ್ನು ಕೆರಳಿಸಲು ಅದರ ಒಂದು ಚಿಟಿಕೆ ಸಾಕು. ಉಪ್ಪುನೀರು ಚುಚ್ಚಿಸಿಕೊಂಡ ಇಲಿಗಳಿಗೆ ಈ ಗಡಿಗೆಯ ನೀರು ಹೋಗಿರಲೇ ಇಲ್ಲ. ಹಾಗಾಗಿ ಇಷ್ಟು ದಿನ ಎಲ್ಲ ಗುಣವೂ ಹೂವಿನದೆಂದು ಕಂಡಿತ್ತು.

“ಅಂದ್ರ ಹುಳ ಸತ್ತೈತಿ, ಅಂಗಿ ಉಳದೈತಿ” ಎಂದರು ಬಾಯಾರು. “ನಾಯಿ ಅಂಗಿ ಮೂಸಿ ಬೊಗಳಾಕತ್ತೈತಿ. ನಾನು ಹೂವಿಗೆ ಶಾಲು ಹೊಚ್ಚಾಕ ಹೊಂಟೀನಿ.”

ವಿಶ್ವವಿದ್ಯಾಲಯದಲ್ಲಿದ್ದ ಅವರ ಗೈಡಿಗೆ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ಗೈಡು ದೊಡ್ಡ ಧ್ವನಿಯ ಮನುಷ್ಯ, ಮಾತೆಲ್ಲ ಹೊರಗೆ ಕೇಳುತ್ತಿತ್ತು.

“ಪ್ರಬಂಧ ಮುಗಿದಿದೆಯಲ್ಲಮ್ಮಾ. ಖಾಲಿ ಗಡಿಗೆಯ ವಿಷಯ ಯಾರು ಕೇಳುತ್ತಾರೆ?”

“ನಾ ಕೇಳಾಕತ್ತೀನಲ್ರಿ ಸರ್.”

ಆ ಕಡೆಯಿಂದ, ಹಾಗಾದರೆ ಡಾಕ್ಟರೇಟ್ ಮರೆತುಬಿಡು ಎಂಬ ಅರ್ಥದ ಮಾತು ಬಂತು. ಬಾಯಾರು ಫೋನಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅತ್ತರು. ಅತ್ತದ್ದನ್ನು ಮುಚ್ಚಿಡಲೂ ಇಲ್ಲ. ಮೂಗು ಒರೆಸಿಕೊಂಡು, “ಅಳೂದು ಬ್ಯಾರೆ, ಹೆದರೂದು ಬ್ಯಾರೆ. ಚಾ ಕುಡಿಸ್ರಿ” ಎಂದರು.

ಅಷ್ಟಕ್ಕೇ ಆಗಿದ್ದರೆ ಪ್ರಬಂಧ ಹಿಂದಕ್ಕೆ ತೆಗೆದುಕೊಂಡು ಸುಮ್ಮನಾಗುತ್ತಿದ್ದರೋ ಏನೋ. ಸುಮ್ಮನಾಗಲು ಬಿಡದೆ ಇದ್ದದ್ದು ಕಾಕುನ ಕೆಮ್ಮು.

ನಿಪ್ಪಾಣಿಯಲ್ಲಿ ತಂಬಾಕಿನ ಧೂಳಿನ ನಡುವೆ ಜನ್ಮ ಸವೆಸಿದ ಕಾಕುಗೆ ಕ್ಷಯ ಹಿಡಿದಿತ್ತು. ಸರಕಾರಿ ದವಾಖಾನೆಯ ಗುಳಿಗೆ ನಡೆದಿತ್ತು. ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಗುಳಿಗೆ. ನಡುವೆ ಬಿಟ್ಟರೆ ರೋಗ ಮತ್ತೆ ತಿರುಗಿ ಬೀಳುತ್ತದೆ. ಆ ರವಿವಾರ ಬಾಯಾರ ಜೊತೆ ನಾನೂ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಬುದ್ಧನ ಪಟ, ಪಟದ ಕೆಳಗೆ ಕಾಕು, ಕಾಕುನ ತೊಡೆಯ ಮೇಲೆ ಬೀಡಿಯ ಮೊರ. ಗೋಡೆಯ ಮಾಡದಲ್ಲಿ ಗುಳಿಗೆಯ ಪೊಟ್ಟಣ ಒಡೆಯದೆ ಕೂತಿತ್ತು.

“ಗುಳಿಗಿ ಯಾಕ ತಗೊಂಡಿಲ್ಲ?” ಎಂದು ಬಾಯಾರು ಕೇಳಿದರು.

“ಅಗ ಪೋರಿ, ಇನ್ನ ಅದರ ಕಾಮ ಏನೈತಿ? ನಿಂದ ಹೂವಿನ ಟಾನಿಕ್ ಬರಾಕತ್ತೈತಂತಲ್ಲ. ಮೈಯಾಗ ತಾಕತ್ ಬಂದ್ರ ರೋಗ ತಾನ ಓಡಿ ಹೋಗತೈತಿ. ಆ ಗುಳಿಗಿ ನುಂಗಿದ್ರ ಹೊಟ್ಟಿ ಉರೀತೈತಿ. ನಮ್ಮ ಸಾಲಿನ ಹೆಂಗಸ್ರು ಎಲ್ಲಾರೂ ಕಾಯಾಕತ್ತಾರ.”

ಬಾಯಾರು ಆಮೇಲೆ ಆಡಿದ ಮಾತುಗಳನ್ನು ಅಚ್ಚು ಹಾಕಲು ಬರುವುದಿಲ್ಲ. ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರಿಗೂ ಪಾಲು ಸಿಕ್ಕಿತು. ಕೊನೆಗೆ ಕಾಕು ನೀರು ತರಿಸಿ, ಎಲ್ಲರೆದುರು ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿದಳು. ಬರುವಾಗ ಬಸ್ಸಿನಲ್ಲಿ ಬಾಯಾರ ಕೈಯಲ್ಲಿದ್ದ ಟಿಕೀಟು ಚಿಕ್ಕೋಡಿ ದಾಟುವವರೆಗೆ ಸುತ್ತದೆ ಉಳಿಯಿತು. ದಾಟಿದ ಮೇಲೆ ಒಂದೇ ಮಾತು: “ಬಾಟಲಿ ಹೊರಗ ಬಿದ್ರ ಇಂಥಾ ಪೊಟ್ಟಣ ಎಷ್ಟು ಮಾಡದಾಗ ಕುಂಡರ್ತಾವ, ಸರ್?”

ಸಾಹೇಬರಿಗೆ ಹೇಳಿದರು. ಸಾಹೇಬರು ಕೇಳಲಿಲ್ಲ. ಸಮಾರಂಭ ಗೊತ್ತಾಗಿತ್ತು, ಪೆಂಡಾಲಿಗೆ ಹೇಳಿಯಾಗಿತ್ತು. ಆ ದಿನ ವೇದಿಕೆಯ ಮೇಜಿನ ಮೇಲೆ ಕೆಂಪು ಟಾನಿಕ್ಕಿನ ಬಾಟಲಿಗಳ ಸಾಲು, ಒಂದೊಂದರ ಮೇಲೂ ಬಾಯಾರ ಮುಖ. ರಾಯಬಾಗದಿಂದ, ಕಾಗವಾಡದಿಂದ ಮಂದಿ ಬಂದಿದ್ದರು. ಮಿರಜದ ವ್ಯಾಪಾರಿ ಪೇಟ ಸುತ್ತಿಕೊಂಡು ಕೂತಿದ್ದ. ಬಾಯಾರನ್ನು ಮಾತಿಗೆ ಕರೆದಾಗ ಅವರು ಒಂದು ಗಡಿಗೆ ಹಿಡಿದು ಮೆಟ್ಟಿಲು ಹತ್ತಿದರು. ಎರಡನೆಯ ಗಡಿಗೆ ಹಿಡಿದುಕೊಂಡು ಹಿಂದೆ ಹೋದವನು ನಾನು.

“ಈ ಗಡಿಗ್ಯಾಗ ಕುಸುಬಿ ಹೂವೈತಿ. ಈ ಗಡಿಗ್ಯಾಗ ಏನೂ ಇಲ್ಲ, ಬರೇ ಹೊಳಿ ನೀರು. ಎರಡೂ ಇಲಿಗೆ ಕೊಟ್ಟು ನೋಡೀನಿ. ಎರಡೂ ಒಂದ ಕೆಲಸ ಮಾಡ್ಯಾವ. ಹೂವಿಂದು ಅಂತ ನಾ ಹೇಳಿದ ಗುಣ ಹೊಲಸ ನೀರಿಂದು. ತಪ್ಪು ನಂದು. ಗಡಿಗಿ ತಿಕ್ಕರಿ ಅಂತ ಈ ಸರ್ ಹೇಳಿದ್ರು, ನಾ ಕೇಳಲಿಲ್ಲ. ಈ ಬಾಟಲಿ ಯಾರೂ ಕುಡೀಬ್ಯಾಡ್ರಿ. ದವಾಖಾನಿ ಗುಳಿಗಿ ತಗೊಳ್ಳೋರು ಒಂದು ದಿನಾನೂ ಬಿಡಬ್ಯಾಡ್ರಿ.”

ಸಾಹೇಬರು ಕೂತಲ್ಲಿಂದಲೇ, “ಬಾಯಾರ, ನಾಳೆ ಕುಂತು ಮಾತಾಡೂಣು. ಈಗ ಇಳೀರಿ” ಎಂದರು.

“ನಾಳೆ ಬಾಟಲಿ ಮಿರಜಕ್ಕ ಹೋಗಿರ್ತಾವ್ರಿ.”

ಸಾಹೇಬರ ಮುಖ ಕೆಂಪಾಯಿತು. ಮೈಕು ಹತ್ತಿರವೇ ಇದ್ದದ್ದರಿಂದ ಮುಂದಿನ ಮಾತು ಇಡೀ ಸಭೆಗೆ ಕೇಳಿತು. “ಬೀಡಿ ಕಟ್ಟೋರ ಮನಿ ಹುಡುಗಿ ಅಂತ ಕರುಣಾ ತೋರಿಸಿ ನೌಕರಿ ಕೊಟ್ರ, ನಮ್ಮ ಮಾನ ಕಳೀತೀಯೇನು?”

ನಾನು ಬಾಯಾರ ಕೈ ನೋಡಿದೆ. ಬೆರಳುಗಳು ಮೇಜಿನ ಅಂಚನ್ನು ಹಿಡಿದಿದ್ದವು, ಕದಲುತ್ತಿರಲಿಲ್ಲ.

“ಹೌದ್ರಿ, ಬೀಡಿ ಕಟ್ಟೋರ ಮನಿಯಾಕಿ. ನಮ್ಮಲ್ಲಿ ಸಂಜೀಕ ಮುಕಾದಮ ಬರ್ತಾನ. ಕಟ್ಟು ಬಿಚ್ಚಿ, ಕೆಟ್ಟ ಬೀಡಿ ಅಂತ ಮುರದು ಒಗೀತಾನ. ನಮ್ಮ ಕಾಕುನ ಛಲೋ ಬೀಡಿನೂ ಮುರದು ಒಗದಾರ, ನಾ ಕಣ್ಣಾರೆ ನೋಡೀನಿ. ಇವತ್ತ ಯಾರೂ ಮುರೀಬೇಕಾಗಿಲ್ಲ. ನನ್ನ ಕೆಟ್ಟ ಬೀಡಿ ನಾನ ಮುರದೀನಿ.”

ಹಾಗೆಂದು ತಮ್ಮ ಮುಖವಿದ್ದ ಬಾಟಲಿಗಳಲ್ಲಿ ಒಂದನ್ನು ಎತ್ತಿ, ಮುಚ್ಚಳ ತಿರುವಿ, ಖಾಲಿ ಗಡಿಗೆಯೊಳಗೆ ಬಗ್ಗಿಸಿದರು. ವ್ಯಾಪಾರಿ ಪೇಟ ಬಿಚ್ಚಿ ಮಡಚಿಕೊಂಡು ಎದ್ದ. ಟಾನಿಕ್ಕು ಅಲ್ಲಿಗೇ ಮುಗಿಯಿತು.

ಕೆಲಸದಿಂದ ತೆಗೆಯಲು ಸಾಹೇಬರಿಗೆ ಆಗಲಿಲ್ಲ. ಕಾಯಂ ನೌಕರಿ, ತಪ್ಪು ಹುಡುಕಿದರೂ ಸಿಗಲಿಲ್ಲ. ಇಲಿಗಳ ಕೋಣೆಗೆ ಬೀಗ ಹಾಕಿಸಿದರು. ಬಾಯಾರು ಪಂಜರಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ಹಗಲು ಹೊತ್ತಿನಲ್ಲೇ ಪೇಟೆಯ ನಡುವೆ ಮನೆಗೆ ಸಾಗಿಸಿದರು. ಸಾಹೇಬರು ಅವರನ್ನು ಪದವಿ ತರಗತಿ ಬಿಡಿಸಿ ಪಿಯುಸಿಗೆ ಹಾಕಿದರು. “ಛಲೋ ಆತು, ಸಣ್ಣವಿದ್ದಾಗ ಹಿಡದ್ರ ಪ್ರಶ್ನಿ ಕೇಳೂದು ಲಗೂ ಕಲೀತಾವ” ಎಂದರು ಬಾಯಾರು. ಗಡಿಗೆ ಹೊತ್ತ ತಪ್ಪಿಗೆ ನನಗೆ ಮುಂದಿನ ವರ್ಷವೆಲ್ಲ ಬೆಳಗಿನ ಏಳು ಗಂಟೆಯ ಪಾಠ.

ಮಂದಿ ಅಲ್ಲಿಗೆ ಬಿಡುತ್ತಾರೆ. ಬಾಯಾರು ಬಿಡಲಿಲ್ಲ. ಹೊಲಸು ನೀರನ್ನು ಕಳೆದ ಮೇಲೆ ಹೂವಿನ ಪಾಲು ಎಷ್ಟು ಉಳಿಯುತ್ತದೆ ಎನ್ನುವುದು ಅವರಿಗೆ ಬೇಕಿತ್ತು, ಡಾಕ್ಟರೇಟ್ ಇಲ್ಲದಿದ್ದರೂ ಬೇಕಿತ್ತು. ಆ ಸೂಕ್ಷ್ಮಜೀವಿಯ ಕವಚ ಸುಟ್ಟುಹೋಗಬೇಕಾದರೆ ಗಾಜಿನ ಪಾತ್ರೆಗಳನ್ನು ಕುದಿಸಿದರೆ ಸಾಲದು, ಒಣ ಬೆಂಕಿಯ ಕಾವಿನಲ್ಲಿ ಹೊತ್ತುಗಟ್ಟಲೆ ಇಡಬೇಕು. ಅಂಥ ಒಲೆ ನಮ್ಮಲ್ಲಿರಲಿಲ್ಲ. ಅವರು ಪೇಟೆಯ ಬೇಕರಿಯವನನ್ನು ಒಪ್ಪಿಸಿದರು. ಖಾರಿ, ಟೋಸ್ಟು ತೆಗೆದ ಮೇಲೆ ಅದೇ ಭಟ್ಟಿಯಲ್ಲಿ ಬಾಯಾರ ಫ್ಲಾಸ್ಕುಗಳು. ನೀರು ನನ್ನ ಕಡೆಯ ಗಾಜಿನ ಬಟ್ಟಿಯಿಂದ, ಎರಡು ಸಲ ಇಳಿಸಿದ್ದು. ಪ್ರತಿ ಸುಗ್ಗಿಗೆ ಹೊಸ ಎಸಳು, ಕೈತುಂಬ ಮುಳ್ಳಿನ ಗೀರು. ಪ್ರತಿ ಸಲವೂ ಹೂವಿನ ಪಾತ್ರೆಯ ಪಕ್ಕಕ್ಕೆ ಹೂವಿಲ್ಲದ ಒಂದು ಪಾತ್ರೆ.

ವರ್ಷಗಳು ಹಿಡಿದವು. ಒಂದು ಸಂಜೆ ಕಿಟಕಿಯಲ್ಲಿ ಮುಖ ಕಂಡಿತು. “ಖಾಲಿದು ಪೂರಾ ಗಪ್ ಐತ್ರಿ ಸರ್. ಹೂವಿಂದು ತುಸು ಐತಿ.”

“ತುಸು ಅಂದ್ರ?”

“ತುಸು ಅಂದ್ರ ತುಸು. ನಾಯಿ ಬೊಗಳಲಿಲ್ಲ, ಕಿವಿ ಎತ್ತೈತಿ.” ಅವರ ಮುಖದಲ್ಲಿದ್ದ ಸಂತೋಷ ಯಾವ ಸನ್ಮಾನದಲ್ಲೂ ಯಾರ ಮುಖದಲ್ಲೂ ನಾನು ಕಂಡಿಲ್ಲ. ಆ ‘ತುಸು’ವನ್ನು ಒಂದು ಸಣ್ಣ ಲೇಖನ ಮಾಡಿ ಕಳಿಸಿದರು. ಇಲಿಗಳಲ್ಲಿ, ಚುಚ್ಚಿದಾಗ, ಇಷ್ಟೇ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಎಂಬುದು ಅದರ ಸಾರ. ಅಚ್ಚಾಯಿತು. ಓದಿದೆ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹುಡುಗರು ಅವರಿಗೆ ‘ಖಾಲಿ ಗಡಿಗಿ ಬಾಯಾರ’ ಎಂದು ಅಡ್ಡಹೆಸರು ಇಟ್ಟರು. ಅದು ಕಿವಿಗೆ ಬಿದ್ದ ದಿನದಿಂದ ಅವರು ಪ್ರತಿ ವರ್ಷದ ಮೊದಲ ಪಾಠಕ್ಕೆ ನಿಜವಾಗಿಯೂ ಒಂದು ಖಾಲಿ ಗಡಿಗೆ ತಂದು ಮೇಜಿನ ಮೇಲೆ ಇಡತೊಡಗಿದರು. ಯಾರು ಏನು ಹೇಳಿದರೂ ಅವರ ಪ್ರಶ್ನೆ ಒಂದೇ: “ಖಾಲಿ ಗಡಿಗಿ ನೋಡೀರೇನು?” ತಾಯಿತ ಕಟ್ಟಿದ ಮೇಲೆ ಮಗನ ನೆಗಡಿ ವಾರದಲ್ಲಿ ಹೋಯಿತು ಎಂದ ಗಣಿತದ ಮಾಸ್ತರರಿಗೆ, “ತಾಯಿತ ಇಲ್ಲದ ಹುಡುಗನ ನೆಗಡಿ ಎಷ್ಟು ದಿನಾ ಇತ್ತ್ರಿ?” ಎಂದು ಕೇಳಿದ್ದರು. ಮಂಗಸೂಳಿಯ ಮಲ್ಲಯ್ಯನ ಗುಡಿಯ ಅರಿಸಿನ ಭಂಡಾರ ಹಣೆಗೆ ಹಚ್ಚಿಕೊಂಡು ಬಂದ ಗುಮಾಸ್ತರು, ದೇವರನ್ನೂ ಹೀಗೇ ಕೇಳುತ್ತೀರೇನು ಎಂದು ಕೆಣಕಿದಾಗ, “ಮಲ್ಲಯ್ಯಗ ಯಾಕ ಕೇಳ್ಲಿ? ಅಂವಾ ಎಂದೂ ಭಂಡಾರ ಬಾಟಲಿಗಿ ತುಂಬಿ ನನ್ನ ಫೋಟೋ ಹಚ್ಚಿಲ್ಲ” ಎಂದರು.

ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಎದೆ ನೋವು ಅಂದರು, ಮಿರಜಕ್ಕೆ ಒಯ್ಯುವಷ್ಟರಲ್ಲಿ ಹೋದರು. ಪಾಠ ತಪ್ಪಿಸದ ಹೆಂಗಸು ಪಾಠದ ನಡುವೆಯೇ ಎದ್ದು ಹೋದಂತಾಯಿತು. ನನಗೆ ಆ ಕಿಟಕಿಯ ಕಡೆ ನೋಡಲು ಆಗುತ್ತಿಲ್ಲ.

ಶೋಕಸಭೆಯಲ್ಲಿ ಈಗಿನ ಪ್ರಾಚಾರ್ಯರು, ಹೊಸಬರು, ಹಳೆಯ ಚೇರಮನ್ನರ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ‘ಡಾಕ್ಟರ್ ಬಾಯಾರು’ ಕುಸುಬಿಯಿಂದ ರೋಗಗಳನ್ನು ಹೊಡೆದೋಡಿಸುವ ಔಷಧಿ ಕಂಡುಹಿಡಿದ ಕಥೆ ಹೇಳಿದರು. ಸಂಸ್ಥೆ ಆ ಟಾನಿಕ್ಕನ್ನು ಅವರ ನೆನಪಿಗಾಗಿ ಮತ್ತೆ ತರುವ ಯೋಚನೆಯಲ್ಲಿದೆ ಎಂದೂ ಸೇರಿಸಿದರು. ಮುಂದಿನ ಸಾಲಿನಲ್ಲಿ ಕಾಕು ಕೂತಿದ್ದಳು. ಬೆನ್ನು ಬಾಗಿದೆ, ತಲೆ ಬೆಳ್ಳಗಾಗಿದೆ, ಕೆಮ್ಮಿಲ್ಲ.

ನಾನು ಎದ್ದೆ. ಮೆಟ್ಟಿಲು ಹತ್ತಿ, ಪ್ರಾಚಾರ್ಯರ ಬೆನ್ನ ಹಿಂದೆ ಹೋಗಿ, ಟಾಚಣಿ ಕಿತ್ತು ‘ಡಾ’ ಅಕ್ಷರವನ್ನು ಕೈಗೆ ತೆಗೆದುಕೊಂಡೆ.

“ಸರ್, ಏನ್ ಮಾಡಾಕತ್ತೀರಿ?” ಎಂದರು ಪ್ರಾಚಾರ್ಯರು.

“ತಪ್ಪು ತಿದ್ದಾಕತ್ತೀ‍ನ್ರಿ. ಬಾಯಾರ ಇದ್ದಿದ್ರ ತಾವ ಹತ್ತಿ ಬರ್ತಿದ್ರು.”

“ಇದು ಶೋಕಸಭಾ ಐತ್ರಿ. ಕೆಳಗ ಕುಂಡರ್ರಿ.”

ಆಗ ಕಾಕು ಎದ್ದು ನಿಂತಳು. ಕೋಲು ಊರಿಕೊಂಡು ವೇದಿಕೆಯ ಬುಡದವರೆಗೆ ಬಂದಳು. ಮೈಕಿಲ್ಲದಿದ್ದರೂ ಅವಳ ಮಾತು ಹಿಂದಿನ ಸಾಲಿಗೂ ಕೇಳಿತು.

“ಮಾಸ್ತರ, ಕೆಳಗಿಂದೂ ತಗೀರಿ. ಹೂವಿನ ಔಷಧಿ ಅಂತ ಬರದಾರಲ್ಲ, ಅದನ್ನೂ ತಗೀರಿ. ನಾ ಬದುಕಿದ್ದು ಹೂವಿನಿಂದ ಅಲ್ಲ. ಗುಳಿಗಿ ನುಂಗಿ ಬದುಕೀನಿ. ಗುಳಿಗಿ ನುಂಗಿಸಿದ್ದು ನನ್ನ ಪೋರಿಯ ಬೈಗಳ.”

ಹಿಂದಿನ ಸಾಲಿನಿಂದ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೂ ಮಾಸ್ತರಿಣಿ, ಬಂದು ಇನ್ನೊಂದು ತುದಿಯಿಂದ ಟಾಚಣಿ ಕೀಳತೊಡಗಿದಳು. ಯಾರೂ ತಡೆಯಲಿಲ್ಲ. ನೀಲಿ ಬಟ್ಟೆಯ ಮೇಲೆ ಬಾಯಾರ ಹೆಸರೊಂದೇ ಉಳಿಯಿತು, ಹಿಂದೆ ಮುಂದೆ ಏನೂ ಇಲ್ಲದೆ. ಸಭೆ ಅದರ ಕೆಳಗೇ ಮುಂದುವರಿಯಿತು.